ಮಂಗಳವಾರ ಬಂದ ಶುಕ್ರವಾರ

ಶುಕ್ರವಾರ ಬೆಳಿಗ್ಗೆ ಏಳೂವರೆಗೆಲ್ಲ ಕ್ಲಾರಾಬಾಯಿ ಸೀರೆ ಉಟ್ಟು, ಜಪಮಾಲೆಯನ್ನು ಕೈಚೀಲಕ್ಕೆ ಹಾಕಿಕೊಂಡು, ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತುಬಿಡುತ್ತಿದ್ದರು. ಮೊಮ್ಮಗಳು ನತಾಶಾಳ ಧರ್ಮಶಿಕ್ಷಣದ ತರಗತಿ ಶುರುವಾಗುವುದು ಒಂಬತ್ತಕ್ಕೆ. ದುಬೈಯ ಕರಾಮಾದ ಆ ಫ್ಲ್ಯಾಟಿನಿಂದ ಊದ್ ಮೇಥಾದ ಇಗರ್ಜಿಗೆ ಬಸ್ಸಿನಲ್ಲಿ ಹೆಚ್ಚೆಂದರೆ ಕಾಲು ಗಂಟೆ.

"ಗ್ರ್ಯಾನಿ, ಇಟ್ಸ್ ಟೂ ಅರ್ಲಿ," ಎಂದು ನತಾಶಾ ಪ್ರತಿ ವಾರವೂ ಹೇಳುತ್ತಿದ್ದಳು. ಅವಳಿಗೆ ಹನ್ನೆರಡು ತುಂಬಿತ್ತು.

"ದೇವರ ಕೆಲಸಕ್ಕೆ ಅರ್ಲಿ ಅಂತ ಇಲ್ಲ. ಶೂ ಹಾಕು."

"ಪಪ್ಪ ಮಮ್ಮಿ ಯಾಕೆ ಬರೂದಿಲ್ಲ?"

"ಅವರು ಸಂಜೆಯ ಪೂಜೆಗೆ ಹೋಗ್ತಾರೆ. ನಿನ್ನ ಬಾಯಿಗಿಂತ ಕೈ ಜೋರಾಗಿ ಓಡ್ಲಿ."

ಫ್ಲ್ಯಾಟಿನಲ್ಲಿ ಇದ್ದದ್ದು ಒಂದು ಕೋಣೆ, ಒಂದು ಹಾಲ್, ಒಂದು ಅಡುಗೆಮನೆ. ಹಾಲಿನಲ್ಲಿ ಬಾಗಿಲ ಬಳಿ ಊಟದ ಮೇಜು, ಅದರಾಚೆ ಮೂಡಬಿದ್ರೆಯ ಜೂಡಿತ್ ಎಂಬ ನರ್ಸ್ ಬಾಡಿಗೆಗೆ ಇದ್ದಳು. ಕೋಣೆಯಲ್ಲಿ ಒಂದು ಬದಿಗೆ ಎಲ್ರಾಯ್ ಮತ್ತು ಜೆಸ್ಸಿಯ ಮಂಚ, ಇನ್ನೊಂದು ಬದಿಗೆ ಕ್ಲಾರಾಬಾಯಿಯದು. ಅದರ ಅಡಿಯಿಂದ ಎಳೆದು ಹಾಸುವ ಹಾಸಿಗೆ ನತಾಶಾಳದು. ನಡುವೆ ನೈಲಾನ್ ಹಗ್ಗಕ್ಕೆ ಇಳಿಬಿಟ್ಟ, ಸೂರ್ಯಕಾಂತಿ ಹೂವಿನ ಒಂದು ಪರದೆ. ಆ ಪರದೆಯ ಆಚೆ ಮಗ್ಗುಲು ಬದಲಿಸಿದರೆ ಈಚೆ ಕೇಳುತ್ತಿತ್ತು.

ಎಲ್ರಾಯ್ ಅಬುಧಾಬಿಯ ಮುಸಫ್ಫಾದಲ್ಲಿ ಕಬ್ಬಿಣದ ಫ್ಯಾಬ್ರಿಕೇಶನ್ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಪರೀಕ್ಷಿಸುವ ಇನ್‌ಸ್ಪೆಕ್ಟರ್. ವಾರವೆಲ್ಲ ಕಂಪೆನಿಯ ರೂಮಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದ, ಶನಿವಾರ ಸಂಜೆ ಹೊರಡುತ್ತಿದ್ದ. ಜೆಸ್ಸಿ ಬರ್ ದುಬೈಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿ ಕೂರುತ್ತಿದ್ದಳು.

ತರಗತಿ ಹತ್ತೂವರೆಗೆ ಮುಗಿಯುತ್ತಿತ್ತು, ಪೂಜೆ ಹನ್ನೊಂದೂವರೆಗೆ. ಜನ ಎಲ್ಲ ಖಾಲಿಯಾದ ಮೇಲೂ ಕ್ಲಾರಾಬಾಯಿ ಅಂಗಳದ ಬೆಂಚಿನಲ್ಲಿ ಇನ್ನೊಂದು ಗಂಟೆ ಕೂರುತ್ತಿದ್ದರು. ಆಮೇಲೆ ಮನೆಯ ಕೆಳಗಿನ ಅಂಗಡಿಯ ಮುಂದೆ ನಿಂತು ಸೊಸೆಗೆ ಫೋನು ಮಾಡುತ್ತಿದ್ದರು.

"ಜೆಸ್ಸಿ, ಕೊತ್ತಂಬರಿ ಸೊಪ್ಪು ಬೇಕಾ?"

"ತನ್ನಿ ಮಾಂಯ್," ಎಂದು ಅಲ್ಲಿಂದ ಉತ್ತರ ಬಂದರೆ ಮೇಲೆ ಹೋಗಬಹುದು ಎಂದು ಅರ್ಥ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಗಂಡ ಮೊರಿಸ್ ತೀರಿಕೊಂಡ ಮೇಲೆ ಮಗನ ಮನೆಗೆ ಬಂದ ಆರು ವರ್ಷಗಳಲ್ಲಿ ಅದು ತಾನಾಗಿ ಕೂಡಿ ಬಂದಿತ್ತು. ಆ ಮನೆಯ ಫ್ರಿಜ್ಜಿನಲ್ಲಿ ಯಾವತ್ತೂ ಎರಡು ಕಟ್ಟು ಕೊತ್ತಂಬರಿ ಬಾಡುತ್ತಾ ಬಿದ್ದಿರುತ್ತಿತ್ತು.

ಜೆಸ್ಸಿಗೆ ಎರಡನೆಯ ಮಗು ಬೇಕಿತ್ತು. ನವೆಂಬರಿನಲ್ಲಿ ಒಮ್ಮೆ ಗರ್ಭ ನಿಂತು, ಏಳನೆಯ ವಾರಕ್ಕೆ ಹೋಯಿತು. ಮಾರ್ಚಿನಲ್ಲಿ ಮತ್ತೆ ನಿಂತದ್ದು ಒಂಬತ್ತನೆಯ ವಾರಕ್ಕೆ ಹೋಯಿತು. ಎರಡನೆಯ ಸಲ ಡಾಕ್ಟರು ಹೋದದ್ದನ್ನು ಪರೀಕ್ಷೆಗೆ ಕಳಿಸಿದ್ದರು. ವರದಿ ಬಂತೆಂದು ಏಪ್ರಿಲಿನ ಒಂದು ಶನಿವಾರ ಇಬ್ಬರನ್ನೂ ಕರೆದರು.

ಡಾಕ್ಟರಮ್ಮ ಪುಣೆಯವರು, ಐವತ್ತು ದಾಟಿದವರು. ಕಾಗದವನ್ನು ಮೇಜಿನ ಮೇಲೆ ತಿರುಗಿಸಿಟ್ಟು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಪ್ರತಿ ಜೀವಕೋಶದಲ್ಲೂ ಕ್ರೋಮೋಸೋಮು ಎಂಬ ನೂಲುಗಳಿರುತ್ತವೆ. ಅಂಡ ಹಣ್ಣಾಗುವಾಗ ಅದು ಅರ್ಧ ನೂಲುಗಳನ್ನು ಬಿಟ್ಟುಕೊಡಬೇಕು. ಈ ಬಿಡಿಸುವ ಕೆಲಸ ಅಂಡ ಹೊರಬರುವ ಹೊತ್ತಿಗೆ ಒಂದು ಹಂತ, ಗಂಡಿನ ಬೀಜ ಸೇರಿದ ಮೇಲೆ ಕೊನೆಯ ಹಂತ. ಈ ಸಲ ಒಂದು ನೂಲು ಹೆಚ್ಚಿಗೆ ಉಳಿದಿದೆ.

"ನನ್ನಿಂದ ಏನಾದ್ರೂ ತಪ್ಪು?" ಜೆಸ್ಸಿ ಕೇಳಿದಳು.

"ತಪ್ಪು ಅಂತ ಇಲ್ಲ. ನಿಮಗೆ ಮೂವತ್ತೇಳು. ದೊಡ್ಡ ಕಾರಣ ವಯಸ್ಸೇ. ತಿಂಗಳು ಎಷ್ಟು ದಿನಕ್ಕೆ ಆಗುತ್ತದೆ?"

"ಮೂವತ್ತಾರು. ಕೆಲವು ಸಲ ನಲವತ್ತು."

"ನೀವಿಬ್ಬರು ಕೂಡುವುದು ಯಾವಾಗ?"

ಎಲ್ರಾಯ್ ಗೋಡೆಯ ಕ್ಯಾಲೆಂಡರ್ ನೋಡಿದ. ಜೆಸ್ಸಿ ಪರ್ಸಿನ ಜಿಪ್ಪನ್ನು ಎಳೆದು ಮುಚ್ಚಿದಳು, ಮತ್ತೆ ತೆರೆದಳು.

"ಫ್ರೈಡೇ," ಎಂದ ಎಲ್ರಾಯ್.

"ಫ್ರೈಡೇ ಅಂದರೆ?"

"ಫ್ರೈಡೇ ಬೆಳಿಗ್ಗೆ, ಮೇಡಂ."

"ಬೇರೆ ದಿನ?"

"ವಾರ ಎಲ್ಲ ಮುಸಫ್ಫಾದಲ್ಲಿರ್ತೇನೆ. ಮನೆಯಲ್ಲಿ ತಾಯಿ ಇದ್ದಾರೆ, ಮಗಳು ಇದ್ದಾಳೆ. ಒಂದೇ ರೂಮು." ಅವನೇ ಮುಂದುವರಿಸಿದ. "ಶುಕ್ರವಾರ ಅವರು ಚರ್ಚಿಗೆ ಹೋಗ್ತಾರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು ಎಂದು ಇಬ್ಬರಿಗೂ ಅನಿಸಿತು. ಮೂಲೆಯಲ್ಲಿದ್ದ ಸಿಸ್ಟರ್ ಒಮ್ಮೆ ಜೋಡಿಸಿಟ್ಟ ಕೈಗವಸಿನ ಡಬ್ಬಗಳನ್ನೇ ಮತ್ತೊಮ್ಮೆ ಜೋಡಿಸತೊಡಗಿದಳು.

"ನೋಡಿ, ಅಂಡ ಕಾಯುವುದಿಲ್ಲ," ಎಂದರು ಡಾಕ್ಟರಮ್ಮ. "ಹೊರಬಂದ ಮೇಲೆ ಅದರದ್ದು ಒಂದು ದಿನದ ಆಯುಷ್ಯ. ತಡವಾಗಿ ಹಣ್ಣಾಗಿ ಬಂದರೆ, ಇಲ್ಲವೇ ಬಂದು ಕಾದು ಕೂತರೆ, ನೂಲು ಬಿಡಿಸುವುದರಲ್ಲಿ ತಪ್ಪು ಹೆಚ್ಚಾಗುವುದನ್ನು ಇಲಿಗಳಲ್ಲಿ ನೋಡಿದ್ದಾರೆ. ಮನುಷ್ಯರಲ್ಲೂ ಹಾಗೆಯೇ ಇರಬಹುದು ಎಂದು ಕೆಲವರು ಹೇಳುತ್ತಾರೆ, ಹುಡುಕಿದರೂ ಸಿಗಲಿಲ್ಲ ಎಂದು ಕೆಲವರು. ನಿಮ್ಮದು ಇದರಿಂದಲೇ ಆದದ್ದು ಎಂದು ನಾನು ಹೇಳಲಾರೆ. ಆದರೆ ಇನ್ನೊಮ್ಮೆ ನೋಡುವುದಾದರೆ ಅಂಡದ ದಿನಕ್ಕೆ ನೀವು ಬನ್ನಿ. ಶುಕ್ರವಾರಕ್ಕೆ ಅದು ಬರಲಿ ಎಂದು ಕಾಯಬೇಡಿ."

ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿಗಳ ಒಂದು ಪೆಟ್ಟಿಗೆ ಬರೆದುಕೊಟ್ಟರು. ಎರಡು ಗೆರೆಯೂ ಒಂದೇ ದಪ್ಪಕ್ಕೆ ಬಂದರೆ ಅವತ್ತು, ತಪ್ಪಿದರೆ ಮರುದಿನ, ಆಮೇಲೆ ಇಲ್ಲ. ಒಂದು ಫಾರಮಿನಲ್ಲಿ, ಮನೆತನದಲ್ಲಿ ಯಾರಿಗಾದರೂ ಹುಟ್ಟಿನಿಂದ ತೊಂದರೆಯಿತ್ತೇ ಎಂಬ ಪ್ರಶ್ನೆಯಿತ್ತು. ಎಲ್ರಾಯ್ 'ಇಲ್ಲ' ಎಂದು ಗುರುತು ಹಾಕಿದ.

ಭಾನುವಾರ ಸಂಜೆ ಜೆಸ್ಸಿ ಕುಚ್ಚಲಕ್ಕಿ ತೊಳೆಯುತ್ತಿದ್ದಾಗ ಕ್ಲಾರಾಬಾಯಿ ಬೀನ್ಸ್ ಮುರಿಯುತ್ತಾ ಕೇಳಿದರು.

"ಡಾಕ್ಟರು ಎಂತ ಹೇಳಿದ್ರು ಬಾಯೆ?"

ಜೆಸ್ಸಿ ಹೇಳಲು ನೋಡಿದಳು. ಅವರ ಮನೆಯ ಕೊಂಕಣಿಯಲ್ಲಿ ಅಂಡಕ್ಕೆ ಬೇರೆ ಶಬ್ದವಿರಲಿಲ್ಲ. ಕೋಳಿಯದಕ್ಕೂ ಹೆಣ್ಣಿನದಕ್ಕೂ ಮೊಟ್ಟೆಯೆಂದೇ ಹೇಳಬೇಕು. ಶುಕ್ರವಾರದ ಮಾತನ್ನು ಅತ್ತೆಯ ಮುಂದೆ ಎತ್ತುವುದು ಸಾಧ್ಯವೇ ಇರಲಿಲ್ಲ. ಅದನ್ನು ಬಿಟ್ಟು ಉಳಿದದ್ದು ಇಷ್ಟೇ.

"ಮೊಟ್ಟೆ ಹಳತಾದ್ರೆ ಹೀಗೆ ಆಗ್ತದಂತೆ ಮಾಂಯ್."

"ಹಳತಾದ್ರೆ," ಎಂದರು ಕ್ಲಾರಾಬಾಯಿ.

ಕಿರೆಂ ಊರಿನಲ್ಲಿ ಅವರು ಮೂವತ್ತು ವರ್ಷ ಕೋಳಿ ಸಾಕಿದವರು. ಕಾವಿಗೆ ಕೂರಿಸುವ ಪ್ರತಿ ಮೊಟ್ಟೆಯ ಮೇಲೂ ಇಟ್ಟ ದಿನವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಹತ್ತು ದಿನ ದಾಟಿದ್ದನ್ನು ಹೇಟೆಯ ಅಡಿಗೆ ಇಡುತ್ತಿರಲಿಲ್ಲ. ಅನುಮಾನವಿದ್ದರೆ ನೀರಿಗೆ ಹಾಕಿ ನೋಡುತ್ತಿದ್ದರು. ಹಾಗಾಗಿ ಸೊಸೆ ಹೇಳಿದ್ದು ಅವರಿಗೆ ಚೆನ್ನಾಗಿಯೇ ಅರ್ಥವಾಯಿತು. ಕಷ್ಟವಾದದ್ದು ಅದೇ.

ಎರಡು ದಿನ ಬಿಟ್ಟು ಜೆಸ್ಸಿ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತೆಯ ಮಾತು ಕೇಳಿಸಿತು.

"ಎಂತ ಮಾಡೂದು ಜೂಡಿತ್. ಹಳೇ ಮೊಟ್ಟೆ. ನೀರಿಗೆ ಹಾಕಿದ್ರೆ ತೇಲುವಂಥದ್ದು. ಅದನ್ನು ಕಾವಿಗೆ ಇಟ್ರೆ ಏನು ಬರ್ತದೆ?"

"ಆಂಟಿ, ಕೋಳಿದು ಬೇರೆ, ಇದು ಬೇರೆ."

"ನಿಂಗೆ ಗೊತ್ತಿಲ್ಲ. ಎಲ್ಲ ಒಂದೇ. ಮದುವೆಯಾದ ಕೂಡಲೇ ಎರಡು ಮಾಡಿಕೊಳ್ಳಿ ಅಂತ ಹೇಳಿದ್ದೆ. ಕೆಲಸ ಕೆಲಸ ಅಂತ ಕೂತ್ಳು."

ಬಟ್ಟಲು ತೊಳೆಯುತ್ತಿದ್ದ ನತಾಶಾ ತಿರುಗಿ ತಾಯಿಯನ್ನು ಕಂಡಳು. ಜೆಸ್ಸಿ ಬೆರಳನ್ನು ತುಟಿಗಿಟ್ಟು ತೋರಿಸಿ, ಶಬ್ದ ಮಾಡದೆ ಕೋಣೆಗೆ ಹೋದಳು.

ಆ ಶುಕ್ರವಾರ ಮಧ್ಯಾಹ್ನ ಮೇಜಿನ ಮೇಲೆ ಅನ್ನ, ಬೀನ್ಸ್ ಪಲ್ಯ, ಮೊಟ್ಟೆ ಸಾರು. ಮೀನು ತರುವುದಕ್ಕೆ ಯಾರೂ ಹೋಗಿರಲಿಲ್ಲ. ಕ್ಲಾರಾಬಾಯಿ ಮಗನಿಗೆ ಎರಡು ಮೊಟ್ಟೆ ಬಡಿಸಿ ಸೌಟನ್ನು ಸೊಸೆಯ ತಟ್ಟೆಯತ್ತ ತಂದರು.

"ನಂಗೆ ಬೇಡ."

"ಒಂದು ತಿನ್ನು. ಮುಖ ನೋಡು, ರಕ್ತ ಇಲ್ಲ."

"ಬೇಡ ಅಂದೆ ಅಲ್ವಾ ಮಾಂಯ್."

"ಮೊಟ್ಟೆಯ ಮೇಲೆ ಎಂತ ಸಿಟ್ಟು ನಿಂಗೆ?"

ನತಾಶಾ ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದಳು. "ಮಮ್ಮಿಯ ಮೊಟ್ಟೆ ನೀರಲ್ಲಿ ತೇಲ್ತದೆ ಅಂತ ನೀವು ಜೂಡಿತ್ ಆಂಟಿಗೆ ಹೇಳಿದ್ರಿ. ಮಮ್ಮಿ ಹರ್ಡ್ ಇಟ್."

ಎಲ್ರಾಯ್ ತಾಯಿಯನ್ನು ನೋಡಿದ. "ಹಾಗೆ ಹೇಳಿದ್ಯಾ?"

"ಡಾಕ್ಟರು ಹೇಳಿದ್ದನ್ನು ಹೇಳಿದೆ. ನಾನು ಸೃಷ್ಟಿ ಮಾಡಿದ್ದಾ?"

"ಮನೆಯ ಮಾತು ಬಾಡಿಗೆಯವಳಿಗೆ ಎಂತಕ್ಕೆ?"

"ಅವಳು ನರ್ಸು. ಗೊತ್ತಿರ್ತದೆ ಅಂತ ಕೇಳಿದೆ. ನನ್ನ ಹತ್ರ ಯಾರು ಸರಿಯಾಗಿ ಹೇಳ್ತಾರೆ ಈ ಮನೆಯಲ್ಲಿ?"

ಜೆಸ್ಸಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. "ಸರಿಯಾಗಿ ಹೇಳ್ತೇನೆ. ಹಳತಾದದ್ದಲ್ಲ ಮಾಂಯ್, ಕಾದದ್ದು. ಶುಕ್ರವಾರದವರೆಗೆ ಕಾದದ್ದು. ನೀವು ಪೂಜೆಗೆ ಹೋಗುವವರೆಗೆ."

ಆವತ್ತು ತಂದ ಕೊತ್ತಂಬರಿಯ ಕಟ್ಟು ಮೇಜಿನ ತುದಿಯಲ್ಲೇ ಇತ್ತು. ಅದು ಅಲ್ಲಿರುವುದನ್ನು ನಾಲ್ವರೂ ಏಕಕಾಲಕ್ಕೆ ನೋಡಿದರು.

"ಶುಕ್ರವಾರ ಏನು?" ನತಾಶಾ ಕೇಳಿದಳು.

"ಊಟ ಮಾಡು," ಎಂದ ಎಲ್ರಾಯ್.

ಕ್ಲಾರಾಬಾಯಿ ತಮ್ಮ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಹಳ ಹೊತ್ತು ಬಿಟ್ಟೇ ಇತ್ತು. ಮಗ ಸೊಸೆಯ ಕೋಣೆಯಲ್ಲಿ ತಾನು ಮಲಗುವುದು ಭಾರವಾಗಿದೆ ಎಂದು ಸೊಸೆ ಚುಚ್ಚಿದಳು. ಅವರು ಅರ್ಥ ಮಾಡಿಕೊಂಡದ್ದು ಅಷ್ಟನ್ನೇ. ದಿನದ ಲೆಕ್ಕ ಅವರಿಗೆ ಆಗ ತಿಳಿಯಲಿಲ್ಲ. ನೋಯಲು ಅಷ್ಟೇ ಸಾಕಾಯಿತು. ಒಂದು ವಾರ ಅವರು ಪರದೆಯ ಕಡೆ ಬೆನ್ನು ಹಾಕಿಯೇ ಮಲಗಿದರು.

ಅದು ಕಳೆದು ಒಂದು ಸಂಜೆ ಜೆಸ್ಸಿ ಬಟ್ಟೆ ಮಡಚುತ್ತಿದ್ದಾಗ ಅವರೇ ಬಂದು ಮಂಚದ ತುದಿಯಲ್ಲಿ ಕೂತರು. ನತಾಶಾ ಕೆಳಗೆ ಗೆಳತಿಯ ಮನೆಗೆ ಹೋಗಿದ್ದಳು.

"ಎಲ್ರಾಯ್‌ಗಿಂತ ಮೊದಲು ಒಂದಿತ್ತು," ಎಂದರು. "ಹೆಣ್ಣು. ಒಂಬತ್ತು ದಿನ ಇತ್ತು."

ಜೆಸ್ಸಿ ಕೈಯಲ್ಲಿದ್ದ ಬನಿಯನನ್ನು ಕೆಳಗಿಡಲಿಲ್ಲ.

"ಮೂಲ್ಕಿಯ ಆಸ್ಪತ್ರೆಯಲ್ಲಿ. ಕಣ್ಣು ಸಣ್ಣದು, ಮುಖ ಚಪ್ಪಟೆ. ಹಾಲು ಎಳೆಯಲಿಕ್ಕೆ ಶಕ್ತಿ ಇರಲಿಲ್ಲ. ನರ್ಸಮ್ಮನೇ ತಲೆಗೆ ಜ್ಞಾನಸ್ನಾನದ ನೀರು ಹಾಕಿ ಸೆವ್ರಿನ್ ಅಂತ ಹೆಸರಿಟ್ಟದ್ದು. ಇವರು ಬಹರೈನಿನಲ್ಲಿದ್ರು. ಎರಡು ವರ್ಷಕ್ಕೆ ಒಂದು ತಿಂಗಳು ರಜೆ. ಮಗುವನ್ನು ಅವರು ನೋಡ್ಲೇ ಇಲ್ಲ."

"ಎಲ್ರಾಯ್‌ಗೆ ಗೊತ್ತುಂಟಾ?"

"ಇಲ್ಲ. ಯಾರಿಗೆ ಹೇಳೂದು. ನನ್ನ ಅತ್ತೆ ಮೀನಿನವಳ ಎದುರು ಹೇಳಿದ್ರು, ಇವಳ ಹೊಟ್ಟೆಯೇ ಹುಳಿ ಅಂತ. ಮೀನಿನವಳು ನನ್ನನ್ನು ನೋಡಿದ್ಲು. ನನಗೆ ಆಗ ಇಪ್ಪತ್ತಮೂರು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಜೂಡಿತ್ ಕೂಡ ಮೊನ್ನೆ ಆ ಮೊಟ್ಟೆಯ ಮಾತಿಗೆ ನನ್ನನ್ನು ಹಾಗೇ ನೋಡಿದ್ಲು. ನಿನ್ನನ್ನಲ್ಲ, ನನ್ನನ್ನು."

ಜೆಸ್ಸಿ ಬನಿಯನನ್ನು ಮಡಚಿ ಇಟ್ಟಳು, ಇನ್ನೊಂದನ್ನು ಎತ್ತಿಕೊಂಡಳು. "ಇದನ್ನು ಡಾಕ್ಟರಿಗೆ ಹೇಳ್ಬೇಕು ಮಾಂಯ್. ಅವರು ಕೇಳಿದ್ರು."

"ಹೇಳು. ನನ್ನ ಹೆಸರು ಹಾಕಿಯೇ ಹೇಳು."

ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರ ರಕ್ತವನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ಎರಡೂ ಸರಿಯಾಗಿತ್ತು. ಮನೆತನದಿಂದ ಇಳಿದು ಬಂದದ್ದು ಏನೂ ಕಾಣುವುದಿಲ್ಲ ಎಂದು ಹೇಳಿದರು. ಎಲ್ರಾಯ್ ಶನಿವಾರ ಮುಸಫ್ಫಾಕ್ಕೆ ಹೊರಡುವಾಗ ತಾಯಿಯ ಕೈಯನ್ನು ಒಮ್ಮೆ ಹಿಡಿದುಕೊಂಡು, "ಅವಳ ಹೆಸರು ಸೆವ್ರಿನ್ ಅಂತನಾ?" ಎಂದಷ್ಟೇ ಕೇಳಿದ. ಹೌದೆಂದು ಅವರು ತಲೆಯಾಡಿಸಿದರು.

ಮೇ ತಿಂಗಳ ಒಂದು ಬುಧವಾರ ಬೆಳಿಗ್ಗೆ ಜೆಸ್ಸಿಯ ಪಟ್ಟಿಯಲ್ಲಿ ಎರಡು ಗೆರೆ ಬಂತು. ಬಚ್ಚಲಿನಿಂದಲೇ ಗಂಡನಿಗೆ ಮೆಸೇಜು ಕಳಿಸಿದಳು. ಎಲ್ರಾಯ್ ಜೊತೆಯಲ್ಲಿ ಕೆಲಸ ಮಾಡುವ ಭಟ್ಕಳದ ಉಮರ್‌ನಿಗೆ ದೇರಾದಲ್ಲಿ ಅಣ್ಣನ ಅಂಗಡಿಯಿತ್ತು. ಅಲ್ಲಿಗೆ ಹೊರಟಿದ್ದ ಅವನ ಕಾರಿನಲ್ಲಿ ಎಲ್ರಾಯ್ ಸಂಜೆ ಆರೂವರೆಗೆ ಮನೆಗೆ ಬಂದ.

ಬಾಗಿಲು ತೆರೆದ ಕ್ಲಾರಾಬಾಯಿಯ ಮುಖ ಅರಳಿತು. "ಬುಧವಾರ ಬಂದ್ಯಾ ಪುತಾ? ಎಂತ ವಿಶೇಷ?"

"ಜಬಲ್ ಅಲಿಯಲ್ಲಿ ಒಂದು ಇನ್‌ಸ್ಪೆಕ್ಷನ್ ಇತ್ತು. ಹಾಗೇ ಬಂದೆ."

"ಒಳ್ಳೇದಾಯ್ತು. ಬಂಗುಡೆ ಉಂಟು. ಮಸಾಲೆ ಹಚ್ಚಿ ಹುರೀತೇನೆ, ಒಂದು ಗಂಟೆ."

ಒಂದು ಗಂಟೆ ಎಂದದ್ದು ಎರಡಾಯಿತು. ನತಾಶಾಳಿಗೆ ಮರುದಿನ ಗಣಿತದ ಪರೀಕ್ಷೆ. ಅವಳು ಪುಸ್ತಕಗಳನ್ನೆಲ್ಲ ತಂದೆ ತಾಯಿಯ ಮಂಚದ ಮೇಲೆ ಹರಡಿದ್ದಳು. ಕಪಾಟಿನ ಬಾಗಿಲಿನ ಹಿಂಜು ಸಡಿಲವಾಗಿದೆಯೆಂದು ಕ್ಲಾರಾಬಾಯಿ ನೆನಪಿಸಿದರು. ಎಲ್ರಾಯ್ ಸ್ಕ್ರೂಡ್ರೈವರ್ ಹಿಡಿದು ಅದನ್ನು ಬಿಗಿ ಮಾಡಿದ. ಅವರು ಪಕ್ಕದಲ್ಲೇ ಕುರ್ಚಿ ಹಾಕಿ ಕೂತು, ಊರಿನ ಬಾವಿಯ ಪಂಪ್ ಕೆಟ್ಟದ್ದು, ಅದನ್ನು ಯಾರು ಬಂದು ನೋಡಿದ್ದು, ಅವನು ಏನು ಹೇಳಿದ್ದು ಎಲ್ಲವನ್ನೂ ಹೇಳಿದರು. ಜೆಸ್ಸಿ ಎರಡು ಸಲ ಕೋಣೆಗೆ ಬಂದು ಎರಡು ಸಲ ಹೊರಗೆ ಹೋದಳು.

"ಮಾಂಯ್, ಬೇಕಾದ್ರೆ ನತಾಶಾಳನ್ನು ಕರ್ಕೊಂಡು ಸ್ವಲ್ಪ ಕೆಳಗೆ," ಎಂದು ಎಲ್ರಾಯ್ ಶುರುಮಾಡಿದ.

"ಕೆಳಗೆ ಎಂತಕ್ಕೆ? ನೀನು ಬಂದದ್ದೇ ಅಪರೂಪ. ಕೂತ್ಕೊ, ಮೀನು ತಣಿಯುತ್ತದೆ."

ಅವನು ಕೂತ. ಮೂರು ಬಂಗುಡೆ ತಿಂದ. ಒಂಬತ್ತಕ್ಕೆ ಕೆಳಗೆ ಉಮರ್‌ನ ಹಾರ್ನ್ ಕೇಳಿತು. ಜೆಸ್ಸಿ ಲಿಫ್ಟಿನವರೆಗೆ ಹೋದಳು.

"ಹಿಂಜು ಸರಿಯಾಯ್ತಾ?" ಎಂದು ಕೇಳಿದಳು.

"ಸರಿಯಾಯ್ತು."

ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಮರುದಿನ ಗುರುವಾರ ಅವನು ಬಂದಾಗ ತಡವಾಗಿತ್ತು, ಪರದೆಯ ಈಚೆ ಯಾರಿಗೂ ನಿದ್ದೆ ಹತ್ತಿರಲಿಲ್ಲ. ಶುಕ್ರವಾರ ಎಂದಿನಂತೆ ಬಂತು, ಏನೂ ಉಪಯೋಗವಾಗಲಿಲ್ಲ.

ಶನಿವಾರ ಜೂಡಿತ್ ಚಹಾಕ್ಕೆ ನೀರಿಟ್ಟಾಗ ಕ್ಲಾರಾಬಾಯಿ ಮಗ ಬುಧವಾರ ಬಂದದ್ದನ್ನು ಸಂತೋಷದಿಂದ ಹೇಳಿದರು. ಹಿಂಜು ಸರಿಮಾಡಿದ್ದನ್ನೂ ಹೇಳಿದರು.

ಜೂಡಿತ್ ಸಕ್ಕರೆ ಡಬ್ಬವನ್ನು ಮುಚ್ಚಿ ಅವರತ್ತ ತಿರುಗಿದಳು. "ಆಂಟಿ, ಅವನು ಮುಸಫ್ಫಾದಿಂದ ಇಷ್ಟು ದೂರ ಹಿಂಜು ಬಿಗಿಮಾಡ್ಲಿಕ್ಕೆ ಬಂದದ್ದು ಅಂತ ನಿಮಗೆ ಅನಿಸ್ತದಾ?"

"ಜಬಲ್ ಅಲಿಯಲ್ಲಿ ಕೆಲಸ ಇತ್ತಂತೆ."

"ಯಾವ ಕೆಲಸವೂ ಇರಲಿಲ್ಲ. ಬಚ್ಚಲಿನ ಕಸದ ಡಬ್ಬದಲ್ಲಿ ಪಟ್ಟಿ ನೋಡಿದ್ದೇನೆ ನಾನು. ಎರಡು ಗೆರೆ. ಆ ಮೊಟ್ಟೆಗೆ ಒಂದೇ ದಿನದ ಆಯುಷ್ಯ ಆಂಟಿ. ನಿಮ್ಮ ಕೋಳಿಯದಕ್ಕೆ ಹತ್ತು ದಿನ ಇರಬಹುದು, ಇದಕ್ಕೆ ಒಂದು. ಜೆಸ್ಸಿಯದು ಅವತ್ತು ಬುಧವಾರ ಬಂತು. ನೀವು ಬಂಗುಡೆ ಹುರಿದ್ರಿ."

ಕ್ಲಾರಾಬಾಯಿ ಚಹಾ ಕುಡಿಯಲಿಲ್ಲ. ಕಪಾಟಿನ ಬಾಗಿಲನ್ನು ತೆರೆದು ಮುಚ್ಚಿ ನೋಡಿದರು. ಶಬ್ದವೇ ಇರಲಿಲ್ಲ, ಅಷ್ಟು ಚೆನ್ನಾಗಿ ಕೂತಿತ್ತು. ಆರು ವರ್ಷ ಇಗರ್ಜಿಯ ಬೆಂಚಿನಲ್ಲಿ ಕೂತು ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆಂದು ಅವರು ನಂಬಿದ್ದರು. ಬೆನ್ನು ನೋಯುತ್ತಿದ್ದರೂ ಕೂತಿದ್ದರು. ಆದರೆ ಕೂತದ್ದು ತಮ್ಮ ದಿನಕ್ಕೆ, ಜೆಸ್ಸಿಯ ದಿನಕ್ಕಲ್ಲ.

ಜೂನ್ ತಿಂಗಳು ಹಾಗೇ ಹೋಯಿತು. ಜುಲೈಯಲ್ಲಿ ಶಾಲೆಗೆ ರಜೆ ಸಿಕ್ಕಿತು. ಈ ವರ್ಷ ಅವರು ಊರಿಗೆ ಹೋಗಲಿಲ್ಲ. ಹೊರಗೆ ಕಾಲಿಟ್ಟರೆ ಮುಖಕ್ಕೆ ಒಲೆಯ ಬಾಯಿ ತೆರೆದಂತಾಗುತ್ತಿತ್ತು.

ಒಂದು ಮಂಗಳವಾರ ಜೆಸ್ಸಿ ಕೆಲಸಕ್ಕೆ ಹೋದ ಮೇಲೆ ಕ್ಲಾರಾಬಾಯಿ ಬಚ್ಚಲಿನ ಕಸ ತೆಗೆಯುವಾಗ ಕಾಗದದಲ್ಲಿ ಸುತ್ತಿದ ಪಟ್ಟಿಯನ್ನು ಕಂಡರು. ಬಿಚ್ಚಬಾರದೆಂದು ಒಂದು ಕ್ಷಣ ನಿಂತರು, ಆಮೇಲೆ ಬಿಚ್ಚಿದರು. ಕನ್ನಡಕ ತಂದು ಕಿಟಕಿಯ ಬೆಳಕಿಗೆ ಹಿಡಿದರು, ಹಿಂದೆ ಮೊಟ್ಟೆಯನ್ನು ಹಿಡಿಯುತ್ತಿದ್ದ ಹಾಗೆ. ಎರಡು ಗೆರೆ. ಒಂದೇ ದಪ್ಪ.

ಜೆಸ್ಸಿ ಬೆಳಿಗ್ಗೆ ಚಹಾ ಕುಡಿಯುವಾಗ ಏನೂ ಹೇಳಿರಲಿಲ್ಲ. ಫೋನನ್ನೂ ಮುಟ್ಟಿರಲಿಲ್ಲ. ಆ ಬುಧವಾರದ ನಂತರ ಅವಳು ಗಂಡನನ್ನು ಕರೆಯುವುದನ್ನು ಬಿಟ್ಟಿದ್ದಾಳೆ ಎಂದು ಅವರಿಗೆ ಹೊಳೆಯಿತು. ಪಟ್ಟಿ ಅದ್ದುವುದು, ನೋಡುವುದು, ಕಾಗದದಲ್ಲಿ ಸುತ್ತಿ ಎಸೆಯುವುದು, ಅಷ್ಟೇ.

ಅವರು ಕೋಣೆಯ ಬಾಗಿಲು ಹಾಕಿಕೊಂಡು ಮಗನಿಗೆ ಫೋನು ಮಾಡಿದರು. ಅತ್ತ ಗ್ರೈಂಡರಿನ ಕಿರುಚಾಟ.

"ಎಲ್ರಾಯ್, ಇವತ್ತು ಸಂಜೆ ಬಾ."

"ಇವತ್ತು ಮಂಗಳವಾರ ಮಾಂಯ್. ಎಂತಾಯ್ತು, ಹುಷಾರಿಲ್ವಾ?"

"ಹುಷಾರಿದ್ದೇನೆ."

"ಜೆಸ್ಸಿಗೆ ಏನಾದ್ರೂ?"

"ಅವಳೂ ಹುಷಾರಿದ್ದಾಳೆ."

"ಮತ್ತೆ ಎಂತಕ್ಕೆ? ಇಲ್ಲಿ ಕೆಲಸ ಇದೆ."

ಕ್ಲಾರಾಬಾಯಿ ಸೂರ್ಯಕಾಂತಿಯ ಪರದೆಯನ್ನು ನೋಡಿದರು. ಅರವತ್ತೈದು ವರ್ಷಗಳಲ್ಲಿ ಇಂಥ ಮಾತು ಅವರ ಬಾಯಿಂದ ಗಂಡನ ಹತ್ತಿರವೂ ಬಂದದ್ದಿಲ್ಲ. ಕಿವಿ ಬಿಸಿಯಾಯಿತು.

"ಇವತ್ತು ಶುಕ್ರವಾರ ಅಂತ ತಿಳ್ಕೊ," ಎಂದರು.

ಅತ್ತ ಒಂದು ಬಾಗಿಲು ಮುಚ್ಚಿದ ಸದ್ದಾಯಿತು. ಗ್ರೈಂಡರ್ ದೂರವಾಯಿತು.

"ಮಾಂಯ್," ಎಂದ ಎಲ್ರಾಯ್.

"ಉಮರ್‌ನ ಕಾರು ಸಿಗ್ತದಾ ನೋಡು. ಇಲ್ಲಾಂದ್ರೆ ಬಸ್ಸಲ್ಲಿ ಬಾ. ಹಿಂಜು ಗಿಂಜು ಎಂತ ಇಲ್ಲ ಇವತ್ತು. ಅನ್ನ ಸಾರು ಮಾಡಿ ಇಟ್ಟಿರ್ತೇನೆ, ಬಡಿಸ್ಕೊಂಡು ತಿನ್ನಿ."

ಫೋನು ಇಟ್ಟು ಮುಖ ತೊಳೆದುಕೊಂಡರು. ಇನ್ನೊಂದು ಸಲ ತೊಳೆದುಕೊಂಡರು.

ಸಂಜೆ ಆರಕ್ಕೆ ಜೆಸ್ಸಿ ಲಿಫ್ಟಿನಿಂದ ಹೊರಬಂದಾಗ ಅತ್ತೆ ಸೀರೆಯುಟ್ಟು, ನತಾಶಾಳ ಕೈ ಹಿಡಿದು ನಿಂತಿದ್ದರು.

"ಎಲ್ಲಿಗೆ ಮಾಂಯ್, ಈ ಸೆಕೆಯಲ್ಲಿ?"

"ಸಂತ ಅಂತೋನಿಯ ನೊವೆನಾ ಅಲ್ವಾ ಮಂಗಳವಾರ. ಹೋಗದೆ ತುಂಬ ಸಮಯ ಆಯ್ತು." ಅವರು ಸೊಸೆಯ ಭುಜದಾಚೆಗಿನ ಗೋಡೆಯನ್ನು ನೋಡುತ್ತಾ ಮಾತಾಡಿದರು. "ಜೂಡಿತ್‌ಗೆ ಇವತ್ತು ಸಂಜೆಯ ಡ್ಯೂಟಿ. ಎಲ್ರಾಯ್ ಬರ್ತಾನೆ. ಸಾರು ಒಲೆಯ ಮೇಲೆ ಉಂಟು."

ಜೆಸ್ಸಿಯ ಮುಖ ಕೆಂಪೇರಿತು. ಏನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕ್ಲಾರಾಬಾಯಿ ಲಿಫ್ಟಿನೊಳಗೆ ಹೋಗಿ ಗುಂಡಿ ಒತ್ತಿದ್ದರು.

ನೊವೆನಾದ ಪ್ರಾರ್ಥನೆ ಮುಕ್ಕಾಲು ಗಂಟೆಯಲ್ಲಿ ಮುಗಿದುಬಿಟ್ಟಿತು. ಅಂಗಳದ ಬೆಂಚಿನಲ್ಲಿ ಆ ಸೆಕೆಗೆ ಕೂರುವ ಹಾಗಿರಲಿಲ್ಲ. ರಸ್ತೆಯ ಬದಿಯಲ್ಲಿ ಗಾಜಿನ ಬಸ್ ಸ್ಟಾಪಿತ್ತು, ಒಳಗೆ ಏಸಿ. ಇಬ್ಬರೂ ಅದರೊಳಗೆ ಹೋಗಿ ಕೂತರು. ಕರಾಮಾದ ಬಸ್ಸು ಬಂದು ನಿಂತಿತು. ನತಾಶಾ ಎದ್ದಳು.

"ಕೂತ್ಕೊ," ಎಂದರು ಕ್ಲಾರಾಬಾಯಿ. "ರಶ್ ಉಂಟು."

"ಗ್ರ್ಯಾನಿ, ಇಟ್ಸ್ ಎಂಪ್ಟಿ."

"ಮುಂದಿನದಕ್ಕೆ ಹೋಗುವ."

ಮುಂದಿನದು ಬಂತು, ಹೋಯಿತು. ಮೂರನೆಯದು ಬಂತು. ಡ್ರೈವರ್ ಬಾಗಿಲು ತೆರೆದು ಇವರನ್ನೇ ನೋಡಿದ. ಕ್ಲಾರಾಬಾಯಿ ಕೈಯಾಡಿಸಿ, "ಮಾಫಿ, ಮಾಫಿ," ಎಂದರು, ತಮಗೆ ಗೊತ್ತಿದ್ದ ಎರಡೋ ಮೂರೋ ಅರಬ್ಬಿ ಮಾತುಗಳಲ್ಲಿ 'ಇಲ್ಲ' ಎನ್ನುವ ಒಂದನ್ನು ಎತ್ತಿಕೊಂಡು. ಬಾಗಿಲು ಮುಚ್ಚಿತು. ಒಳಗೆ ಬಂದು ಕೂತಿದ್ದ ಫಿಲಿಪೀನೋ ಹೆಂಗಸೊಬ್ಬಳು ಅವರನ್ನು ನೋಡಿ ಬೇರೆ ಕಡೆ ತಿರುಗಿದಳು.

ನತಾಶಾ ತನ್ನ ಶೂಗಳನ್ನು ನೋಡುತ್ತಾ ಹೇಳಿದಳು. "ಪಪ್ಪ ಬರ್ತಾರೆ ಅಂತ ನಾವು ಹೊರಗೆ ಕೂತದ್ದಲ್ವಾ?"

ಕ್ಲಾರಾಬಾಯಿ ಜಪಮಾಲೆಯ ಮಣಿಯೊಂದನ್ನು ಮುಂದೆ ಸರಿಸಿದರು.

"ಐ ನೋ, ಗ್ರ್ಯಾನಿ. ಐ ಆ್ಯಮ್ ನಾಟ್ ಎ ಬೇಬಿ. ಶಾಲೆಯಲ್ಲಿ ಪಾಠ ಮಾಡಿದ್ದಾರೆ. ಡಯಾಗ್ರಾಮ್ ಕೂಡ ಇತ್ತು."

"ಎಂತದರ ಡಯಾಗ್ರಾಮ್?"

"ಬೇಡ, ಬಿಡಿ."

"ನಂಗೂ ಬೇಡ."

ಇಬ್ಬರೂ ಗಾಜಿನ ಹೊರಗೆ ನೋಡಿದರು. ಆರ್ಯಭವನದಂಥ ಯಾವುದೋ ಹೋಟೆಲಿನ ಡೆಲಿವರಿ ಬೈಕೊಂದು ಸಿಗ್ನಲಿನಲ್ಲಿ ನಿಂತು ಹೋಯಿತು.

"ನಿಂಗೆ ನಾಚಿಕೆಯಾಗ್ತದಾ?" ಕ್ಲಾರಾಬಾಯಿ ಕೇಳಿದರು.

"ಸ್ವಲ್ಪ. 'ಎಲ್ಲಿಗೆ ಹೋಗಿದ್ರಿ' ಅಂತ ಮಮ್ಮಿ ಕೇಳಿದ್ರೆ ಏನು ಹೇಳೂದು ಅಂತ. ನಿಮಗೆ?"

"ನಂಗೆ ಬೇರೆಯದಕ್ಕೆ ಆಗ್ತದೆ. ಆ ಮೊಟ್ಟೆಯ ಮಾತು."

"ತೇಲ್ತದೆ ಅಂದದ್ದಾ?"

"ಹೂಂ."

"ದಟ್ ವಾಸ್ ಮೀನ್, ಗ್ರ್ಯಾನಿ."

"ಹೌದು," ಎಂದರು ಕ್ಲಾರಾಬಾಯಿ. ಆ ಇಂಗ್ಲಿಷು ಅವರಿಗೆ ಗೊತ್ತಿತ್ತೋ ಇಲ್ಲವೋ, ಹುಡುಗಿಯ ದನಿ ಗೊತ್ತಾಯಿತು.

ನಾಲ್ಕನೆಯ ಬಸ್ಸಿನಿಂದ ಹನ್ನೊಂದನೆಯದರವರೆಗೆ ನತಾಶಾ ಎಣಿಸಿದಳು. ನಡುವೆ ಒಮ್ಮೆ ಎದ್ದು ಹೋಗಿ ಅಂಗಡಿಯಿಂದ ಲಬಾನ್ ಮಜ್ಜಿಗೆಯ ಎರಡು ಬಾಟಲಿ ತಂದಳು. ಅಜ್ಜಿಯ ಪಾದ ಚಪ್ಪಲಿಯ ಪಟ್ಟಿಯ ಎರಡು ಬದಿಗೂ ಉಬ್ಬಿ ನಿಂತಿತ್ತು. ಎಂಟೂಮುಕ್ಕಾಲಿಗೆ ಹನ್ನೆರಡನೆಯ ಬಸ್ಸು ಬಂದಾಗ ಅವಳೇ ಅಜ್ಜಿಯ ಮೊಣಕೈ ಹಿಡಿದು ಎಬ್ಬಿಸಿದಳು.

ಮನೆಯ ಕೆಳಗೆ, ಅಂಗಡಿಯ ಮುಂದೆ ನಿಂತು ಕ್ಲಾರಾಬಾಯಿ ಫೋನು ತೆಗೆದರು.

"ಜೆಸ್ಸಿ, ಕೊತ್ತಂಬರಿ ಸೊಪ್ಪು ಬೇಕಾ?"

ಅತ್ತ ತಟ್ಟೆಗಳ ಸದ್ದು ಕೇಳಿಸಿತು.

"ಬೇಡ ಮಾಂಯ್," ಎಂದಳು ಜೆಸ್ಸಿ. "ಫ್ರಿಜ್ಜಿನಲ್ಲಿ ಉಂಟು. ನೀವು ಮೇಲೆ ಬನ್ನಿ."

ಬಾಗಿಲು ತೆರೆದಾಗ ಅವಳ ತಲೆ ಒದ್ದೆಯಿತ್ತು. ಹಿಂದೆ ಎಲ್ರಾಯ್ ಮೇಜಿನ ಮೇಲೆ ನಾಲ್ಕು ತಟ್ಟೆ ಇಡುತ್ತಿದ್ದ, ಒಂದನ್ನು ಎತ್ತಿ ಮತ್ತೆ ಅಲ್ಲೇ ಇಟ್ಟ. ಜೆಸ್ಸಿ ಅತ್ತೆಯ ಮುಖ ನೋಡಲಾರದೆ ಕಣ್ಣು ಕೆಳಗಿಳಿಸಿದಳು. ಆಗ ಅವರ ಪಾದ ಕಂಡಿತು.

"ಕಾಲು ಹೀಗೆ ಬಾತಿದೆಯಲ್ಲ ಮಾಂಯ್. ನೊವೆನಾ ಏಳಕ್ಕೇ ಮುಗಿತದಲ್ವಾ? ಇಷ್ಟು ಹೊತ್ತು ಎಲ್ಲಿದ್ರಿ?"

ಕ್ಲಾರಾಬಾಯಿ ಚಪ್ಪಲಿಯ ಪಟ್ಟಿಗೆ ಬಗ್ಗಿದರು.

ನತಾಶಾ ಮೊದಲೇ ಕೆಳಗೆ ಕೂತು ಅಜ್ಜಿಯ ಆ ಪಟ್ಟಿಯನ್ನು ಬಿಚ್ಚತೊಡಗಿದ್ದಳು.

"ಬಸ್ಸಿಗೆ ಕಾದದ್ದು ಮಮ್ಮಿ," ಎಂದಳು. "ಒಂದೂ ಬರ್ಲಿಲ್ಲ."